ಮೊಳೆಮಾವನ ಅರ್ಧ ಗಂಟೆಗಳು

ನಾನು ಪಾಠ ಹೇಳುತ್ತಿದ್ದ ಶಾಲೆಯ ಹಿಂದಿನ ಓಣಿಯಲ್ಲಿ, ಎರಡು ಕೋಣೆಯ ಬಾಡಿಗೆ ಮನೆಯೊಂದರಲ್ಲಿ ಹದಿನೇಳು ವರ್ಷ ಕಳೆದೆ. ನನ್ನ ಮನೆಗೂ ಪಕ್ಕದ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಆ ಮನೆಯ ಯಜಮಾನರು ಮೊಳೆ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಓಣಿಯ ಮಕ್ಕಳು ಅವರನ್ನು ಮೊಳೆಮಾವ ಎಂದು ಕರೆಯುತ್ತಿದ್ದರು. ಮನೆಯ ಜಗಲಿಯ ಮೇಲೆ ತರಕಾರಿ ಇಟ್ಟು ಮಾರುತ್ತಿದ್ದ ಅವರ ಹೆಂಡತಿಯನ್ನು ತರಕಾರಿ ಅತ್ತೆ ಎನ್ನುತ್ತಿದ್ದರು. ಮಕ್ಕಳಿಗೆ ಅಕ್ಷರ ಕಲಿಸಲು ಹೋದ ನಾನು ಮಕ್ಕಳಿಂದ ಈ ಎರಡು ಹೆಸರು ಕಲಿತೆ. ಅವರ ನಿಜವಾದ ಹೆಸರು ಕೇಳುವ ಸಂದರ್ಭವೇ ನನಗೆ ಬರಲಿಲ್ಲ.

ಅತ್ತೆಯ ದನಿಯ ಬಗ್ಗೆ ಮೊದಲು ಹೇಳಬೇಕು. ಬೆಳಿಗ್ಗೆ ಅವರು ಜಗಲಿಯ ಮೇಲೆ ಕುಳಿತು "ಬೀನ್ಸ್, ಬದನೆಕಾಯಿ" ಎಂದು ಒಮ್ಮೆ ಕೂಗಿದರೆ ನನ್ನ ತರಗತಿಯಲ್ಲಿ ಏಳರ ಮಗ್ಗಿ ಹೇಳುತ್ತಿದ್ದ ಮಕ್ಕಳು ಲೆಕ್ಕ ತಪ್ಪುತ್ತಿದ್ದರು. ಇವತ್ತು ಟೊಮೇಟೊ ಹಣ್ಣಾಗಿ ಬಂದಿದೆಯೋ ಕಾಯಾಗಿ ಬಂದಿದೆಯೋ ಎಂಬುದು ಮೂರನೆಯ ಓಣಿಯ ನಾಯಿಗಳಿಗೂ ತಿಳಿದಿರುತ್ತಿತ್ತು. ಗಂಡನನ್ನು ಬೈಯುವಾಗಲಂತೂ ಗೋಡೆ ಇದ್ದೂ ಇಲ್ಲದಂತೆ. "ನಿಮ್ಮ ಕಿವಿ ಕಾರ್ಖಾನೆಯಲ್ಲೇ ಬಿಟ್ಟು ಬಂದ್ರಾ? ಹೋಗಿ ತಗೊಂಡು ಬನ್ನಿ, ಬಾಗಿಲು ತೆಗೆದೇ ಇಟ್ಟಿರ್ತೀನಿ" ಎಂದು ಅವರು ಹೇಳಿದ್ದು ನನಗೆ ಈಗಲೂ ಕೇಳಿಸುತ್ತದೆ. ಮಾವ ನಗುತ್ತಿದ್ದರು. ಕಿವಿ ಮಂದವಾದ ಗಂಡಸಿಗೆ ಅಷ್ಟು ದೊಡ್ಡ ದನಿಯ ಹೆಂಗಸು ಸಿಕ್ಕಿದ್ದು ಎಷ್ಟು ಅನುಕೂಲವಾಯಿತು ಎಂದು ಓಣಿಯವರೆಲ್ಲ ಆಡಿಕೊಳ್ಳುತ್ತಿದ್ದೆವು.

ಕಾರ್ಖಾನೆಯನ್ನು ನಾನು ಒಮ್ಮೆ ಒಳಗೆ ಹೋಗಿ ನೋಡಿದ್ದೇನೆ. ಸುರುಳಿ ಸುತ್ತಿದ ತಂತಿ ಯಂತ್ರದ ಒಂದು ಕಡೆಯಿಂದ ಒಳಗೆ ಹೋಗುತ್ತದೆ. ಯಂತ್ರವು ಅದನ್ನು ಕಚ್ಚಿ ಹಿಡಿದು, ಒಂದೇ ಪೆಟ್ಟಿನಲ್ಲಿ ಮೊಳೆಯ ತಲೆ ಮಾಡಿ, ಚೂಪು ಮಾಡಿ, ಕತ್ತರಿಸಿ ಕೆಳಗೆ ಉದುರಿಸುತ್ತದೆ. ಒಂದು ಮೊಳೆಗೆ ಒಂದು ಪೆಟ್ಟು. ನಿಮಿಷಕ್ಕೆ ಮುನ್ನೂರು ಮೊಳೆ. ಅಂಥ ಯಂತ್ರಗಳು ಅರವತ್ತು. ಆ ಶಬ್ದವು ಕಿವಿಗೆ ಕೇಳಿಸುತ್ತದೆ ಎನ್ನುವುದಕ್ಕಿಂತ ಹಲ್ಲಿಗೆ, ಎದೆಗೆ ತಗಲುತ್ತದೆ ಎನ್ನಬೇಕು. ಅಲ್ಲಿ ಕೆಲಸಗಾರರು ಬಾಯಿಯನ್ನು ಅಗಲವಾಗಿ ತೆರೆದು, ಕೈಸನ್ನೆ ಸೇರಿಸಿ ಮಾತನಾಡುತ್ತಿದ್ದರು. ತುಟಿ ನೋಡಿಯೇ ಮಾತು ತಿಳಿಯುವುದು ಅವರಿಗೆಲ್ಲ ಬರುತ್ತಿತ್ತು. ಕಿವಿಗೆ ಹತ್ತಿ ಇಟ್ಟುಕೊಳ್ಳಬಾರದೇ ಎಂದು ನಾನು ಕೇಳಿದಾಗ, "ಹತ್ತಿ ಇಟ್ಟರೆ ಯಂತ್ರದ ಸದ್ದು ಬದಲಾದದ್ದು ತಿಳಿಯೋಲ್ಲ ಮೇಷ್ಟ್ರೇ. ಕತ್ತರಿ ಮೊಂಡಾದರೆ ಮೊದಲು ಕಿವಿಗೇ ಗೊತ್ತಾಗಬೇಕು" ಎಂದರು ಮಾವ. ಮೊಳೆಗಳಿಗೆ ಹೊಳಪು ಕೊಡಲು ಮರದ ಹೊಟ್ಟಿನ ಜೊತೆ ಪೀಪಾಯಿಯಲ್ಲಿ ಹಾಕಿ ಉರುಳಿಸುತ್ತಾರೆ. ಆ ಹೊಟ್ಟಿನ ಮೂಟೆಗಳನ್ನು ಪೇರಿಸಿಟ್ಟ ಕೋಣೆ ಕಾರ್ಖಾನೆಯ ಹಿಂಬದಿಯಲ್ಲಿತ್ತು. ಬಾಗಿಲು ಮುಚ್ಚಿದರೆ ಅಲ್ಲಿ ಗುಹೆಯಂಥ ಮೌನ.

ಕೆಲಸದ ಕ್ರಮ ಹೀಗಿತ್ತು. ಆರು ಯಂತ್ರಗಳ ಒಂದು ಸಾಲಿಗೆ ಇಬ್ಬರು. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರ ತನಕ, ಒಬ್ಬ ನಿಂತಿದ್ದಾಗ ಇನ್ನೊಬ್ಬ ಕುಳಿತುಕೊಳ್ಳಬಹುದು. ಅರ್ಧ ಗಂಟೆಗೊಮ್ಮೆ ಬದಲಾಗಬೇಕೆಂಬುದು ಕಾರ್ಖಾನೆ ಕಟ್ಟಿದವರ ನಿಯಮ. ಆದರೆ ಆ ನಿಯಮವನ್ನು ಯಾರೂ ಪಾಲಿಸುತ್ತಿರಲಿಲ್ಲ. ಒಬ್ಬ ಮೊದಲ ನಾಲ್ಕು ಗಂಟೆ ಒಂದೇ ಸಮನೆ ನಿಂತು ಹತ್ತು ಗಂಟೆಗೆ ಮನೆಗೆ ಹೋಗುವುದು, ಇನ್ನೊಬ್ಬ ಹತ್ತು ಗಂಟೆಗೆ ಬಂದು ಉಳಿದ ನಾಲ್ಕು ಗಂಟೆ ನಿಲ್ಲುವುದು. ಇದಕ್ಕೆ ಅವರು ಒಟ್ಟು ಸರದಿ ಎನ್ನುತ್ತಿದ್ದರು. ಮೇಲ್ವಿಚಾರಕ ಕಂಡೂ ಕಾಣದಂತೆ ಇರುತ್ತಿದ್ದ. ಒಟ್ಟು ಸರದಿ ಆ ಕಾರ್ಖಾನೆಯವರ ದೊಡ್ಡ ಸುಖ. ಅದನ್ನು ಬಿಟ್ಟುಕೊಡು ಎಂದು ಯಾರನ್ನಾದರೂ ಕೇಳಿದರೆ ಜಗಳವಾಗುತ್ತಿತ್ತು.

ಅತ್ತೆಗೆ ಐವತ್ತು ದಾಟಿದ ವರ್ಷ ದನಿ ಒಡೆಯಿತು. ಕೂಗಿ ಕೂಗಿ ಹೀಗಾಗಿದೆ, ಬಿಸಿನೀರು ಕುಡಿದರೆ ಸರಿಹೋಗುತ್ತದೆ ಎಂದುಕೊಂಡು ಅವರು ಮೂರು ತಿಂಗಳು ತಳ್ಳಿದರು. ಆಮೇಲೆ ಆಸ್ಪತ್ರೆಗೆ ಹೋದಾಗ ಗಂಟಲಲ್ಲಿ ಗಡ್ಡೆ ಇದೆ ಎಂದರು. ಒಂದು ಶಸ್ತ್ರಚಿಕಿತ್ಸೆಯಾಯಿತು. ಮನೆಗೆ ಬಂದಾಗ ಉಳಿದದ್ದು ಪಿಸುಮಾತು ಮಾತ್ರ. ಅದೂ ಹೆಚ್ಚು ದಿನ ಇರುವುದಿಲ್ಲವೆಂದು ವೈದ್ಯರು ಮೊದಲೇ ಹೇಳಿದ್ದರು. ಮೂರು ತಿಂಗಳ ನಂತರ ಇನ್ನೊಂದು ಚಿಕಿತ್ಸೆ. ಆಗ ದನಿಪೆಟ್ಟಿಗೆಯನ್ನೇ ತೆಗೆಯಬೇಕು. ಜೀವಕ್ಕೆ ಭಯವಿಲ್ಲ, ಆದರೆ ಆಮೇಲೆ ಮಾತಿಲ್ಲ.

ಆ ವಾರ ನನ್ನ ಮನೆಯ ಗೋಡೆ ನಿಜವಾಗಿಯೂ ಗೋಡೆಯಾಯಿತು. ಓಣಿಯ ಮಕ್ಕಳು ಜಗಲಿಯ ಮುಂದೆ ಹಾದುಹೋಗುವಾಗ ಯಾರೋ ಹೇಳಿಕೊಟ್ಟಂತೆ ಮೆಲ್ಲಗೆ ನಡೆಯುತ್ತಿದ್ದರು.

ಮಾವನಿಗೆ ಈಗ ಒಂದೇ ಆಸೆ: ದನಿ ಇರುವಷ್ಟು ದಿನ ಅದನ್ನು ಕೇಳಬೇಕು. ರಜೆಯೆಲ್ಲ ಮೊದಲ ಚಿಕಿತ್ಸೆಗೆ ಮುಗಿದು ಎರಡೇ ದಿನ ಉಳಿದಿತ್ತು. ಅದಕ್ಕೆ ಅವರು ಮಾಡಿದ ಉಪಾಯವೆಂದರೆ, ಜೊತೆಗಾರನನ್ನು ಕೇಳಿ ದಿನವೂ ಮೊದಲ ಸರದಿಯನ್ನೇ ಹಿಡಿದದ್ದು. ನಾಲ್ಕು ಗಂಟೆ ಒಂದೇ ಉಸಿರಿಗೆ ಮುಗಿಸಿ, ಹತ್ತು ಹೊಡೆಯುತ್ತಲೂ ಹೊರಟು, ಹತ್ತೂವರೆಗೆ ಜಗಲಿಯ ಮೇಲೆ ಹೆಂಡತಿಯ ಪಕ್ಕದಲ್ಲಿ ಕುಳಿತುಬಿಡುತ್ತಿದ್ದರು. ಅಂಗಿಯ ಮೇಲಿನ ಮರದ ಹೊಟ್ಟನ್ನೂ ಕೊಡವುತ್ತಿರಲಿಲ್ಲ.

ಆದರೆ ಅವರಿಗೆ ಏನೂ ಕೇಳಿಸುತ್ತಿರಲಿಲ್ಲ.

ನಾಲ್ಕು ಗಂಟೆಯ ಹೊಡೆತದ ನಂತರ ಕಿವಿಯಲ್ಲಿ ಬರಿಯ ಗುಂಯ್ ಎನ್ನುವ ನಾದ. ಮೊದಲಾದರೆ ಅತ್ತೆಯ ದೊಡ್ಡ ದನಿ ಅದನ್ನು ಸೀಳಿಕೊಂಡು ಒಳಗೆ ಬರುತ್ತಿತ್ತು. ಪಿಸುಮಾತಿಗೆ ಆ ಬಲವೆಲ್ಲಿ? ತುಟಿ ನೋಡಿ ತಿಳಿದುಕೊಳ್ಳೋಣವೆಂದರೆ ನೋವಿನಿಂದ ಅತ್ತೆ ಬಾಯಿಯನ್ನು ಸ್ವಲ್ಪವೇ ತೆರೆಯುತ್ತಿದ್ದರು. ಮಾವ ಮುಖದ ಹತ್ತಿರ ಮುಖ ತಂದು ತುಟಿಯನ್ನೇ ದಿಟ್ಟಿಸಿದರೆ ಅತ್ತೆಗೆ ಸಿಟ್ಟು. ಒಂದು ದಿನ ಒಂದು ಕಾಗದದ ಮೇಲೆ ಬರೆದು ಕೊಟ್ಟರಂತೆ: "ನನ್ನ ಬಾಯಿ ಏನು ಕೆಟ್ಟುಹೋದ ಯಂತ್ರವೇ, ಹಾಗೆ ಬಗ್ಗಿ ನೋಡುವುದಕ್ಕೆ?"

ಸಂಜೆಯ ಹೊತ್ತಿಗೆ ಮಾವನ ಕಿವಿ ಸ್ವಲ್ಪ ತೆರೆದುಕೊಳ್ಳುತ್ತಿತ್ತು. ಆದರೆ ಅಷ್ಟರಲ್ಲಿ ಅತ್ತೆಯ ಗಂಟಲು ಮುಗಿದಿರುತ್ತಿತ್ತು. ಕಾರಣ ಆಗ ನಮಗೆ ತಿಳಿದಿರಲಿಲ್ಲ.

ತಿಳಿದದ್ದು ಆಸ್ಪತ್ರೆಯಲ್ಲಿ. ವೈದ್ಯರು ಹೇಳುವುದು ತನಗೆ ಸರಿಯಾಗಿ ಕೇಳಿಸದು ಎಂದು ಮಾವ ನನ್ನನ್ನು ಜೊತೆಗೆ ಕರೆದುಕೊಂಡು ಹೋಗಿದ್ದರು. ಗಂಟಲು ಪರೀಕ್ಷಿಸಿದ ನರ್ಸು, ನಡುವಯಸ್ಸಿನ ಹೆಣ್ಣುಮಗಳು, ಕನ್ನಡಕ ತೆಗೆದು ಅತ್ತೆಯನ್ನೇ ನೋಡಿದರು.

"ಗಂಟಲು ಕೆಂಡದ ಹಾಗಿದೆಯಲ್ಲ. ಗಂಟೆಗೆ ಐದು ನಿಮಿಷ ಮಾತಾಡಿ ಅಂದಿದ್ದೆ. ಎಷ್ಟು ಮಾತಾಡ್ತೀರಿ?"

ಅತ್ತೆ ಬೆರಳು ಮಡಿಸಿ ಲೆಕ್ಕ ತೋರಿಸಿದರು. ಎಲ್ಲ ಸೇರಿ ದಿನಕ್ಕೆ ನಲವತ್ತು ನಿಮಿಷ, ಅದಕ್ಕಿಂತ ಒಂದು ನಿಮಿಷವೂ ಹೆಚ್ಚಿಲ್ಲ.

"ಯಾವಾಗ?"

ಅತ್ತೆ ಮಾವನ ಕಡೆ ಕೈ ತೋರಿಸಿ, ಪಿಸುದನಿಯಲ್ಲಿ, "ಇವರು ಬಂದ ಮೇಲೆ" ಎಂದರು.

"ನಲವತ್ತೂ ಒಂದೇ ಸಲಕ್ಕಾ? ಚೆನ್ನಾಯ್ತು. ಗಂಟಲು ಏನು ಡಬ್ಬಿನೇನಮ್ಮ, ಬೆಳಗಿಂದ ಕೂಡಿಟ್ಟು ಒಂದೇ ಸಲ ಸುರಿಯೋಕೆ? ಐದು ನಿಮಿಷದಲ್ಲಿ ಆಗೋ ಗಾಯ ಐವತ್ತೈದು ನಿಮಿಷ ಸುಮ್ಮನಿದ್ದರೆ ಆರುತ್ತೆ. ಆರೋಕೆ ಬಿಡದೆ ಅದರ ಮೇಲೇ ಹೊಡೆದರೆ ಇಡೀ ದಿನ ಸುಮ್ಮನಿದ್ದರೂ ಸಾಲೋಲ್ಲ. ವಿಶ್ರಾಂತಿ ಅನ್ನೋದು ನಡುನಡುವೆ ಇರಬೇಕು."

ಬೆಳಗಿನಿಂದ ಒಂದು ಮಾತೂ ಆಡದೆ, ಗಿರಾಕಿಗಳಿಗೆ ಸನ್ನೆಯಲ್ಲೇ ಉತ್ತರ ಕೊಟ್ಟು, ಆ ತಾಯಿ ಗಂಡನಿಗಾಗಿ ಮಾತನ್ನು ಉಳಿಸಿಡುತ್ತಿದ್ದರು. ಆದರೆ ಮನೆಗೆ ಬಂದ ಮಾವನಿಗೆ ಕಿವಿಯೇ ಇರುತ್ತಿರಲಿಲ್ಲ. ನರ್ಸಿನ ಮಾತನ್ನು ನಾನು ಗಟ್ಟಿಯಾಗಿ ಮಾವನಿಗೆ ಹೇಳಿದೆ.

"ಸಿಸ್ಟರ್, ಕಿವಿಗೂ ಹೀಗೇನಾ?" ಎಂದರು ಮಾವ.

"ಕಿವಿಗೂ ಹೀಗೇ. ನಾನು ಕಿವಿ ಪರೀಕ್ಷೆ ಕೋಣೆಯಲ್ಲಿ ಎರಡು ವರ್ಷ ಇದ್ದೆ. ಒಳಗೆ ಕೂದಲಿಗಿಂತ ಸಣ್ಣ ಎಳೆಗಳಿರ್ತವೆ. ಜೋರು ಗಾಳಿಗೆ ಪೈರು ಮಲಗೋ ಹಾಗೆ ಸದ್ದಿಗೆ ಮಲಗ್ತವೆ. ಗಾಳಿ ಬಿಟ್ಟು ಬಿಟ್ಟು ಬೀಸಿದರೆ ನಡುವೆ ತಲೆ ಎತ್ತುತ್ತವೆ. ಒಂದೇ ಸಮ ಬೀಸಿದರೆ ಏಳೋಕೆ ಬಹಳ ಹೊತ್ತು ಬೇಕು. ಸಣ್ಣ ಸದ್ದೇ ಮೊದಲು ಹೋಗೋದು, ಪಿಸುಮಾತು, ಎಲೆ ಸದ್ದು, ಅಂಥದ್ದು." ಆಮೇಲೆ ನನ್ನ ಕಡೆ ತಿರುಗಿ, "ದಿನಾ ಹೀಗೇ ಮಾಡಿದರೆ ಒಂದು ದಿನ ಏಳೋದೇ ಇಲ್ಲ. ಅದನ್ನೂ ಅವರಿಗೆ ಹೇಳಿ" ಎಂದರು.

ಮರುದಿನ ಮಾವ ನನ್ನ ಮನೆಗೆ ಬಂದರು. ಅವರಿಗೆ ಪುರಾವೆ ಬೇಕಿತ್ತು, ಏಕೆಂದರೆ ಜೊತೆಗಾರನನ್ನು ಒಪ್ಪಿಸಬೇಕಿತ್ತು. ನನ್ನ ಬಳಿ ಕೀಲಿ ಕೊಡುವ ಹಳೆಯ ಕೈಗಡಿಯಾರವಿತ್ತು. ಅವರನ್ನು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರಿಸಿ, ಗಡಿಯಾರವನ್ನು ದೂರದಿಂದ ಮೆಲ್ಲಗೆ ಕಿವಿಯ ಬಳಿಗೆ ತರುತ್ತಿದ್ದೆ. ಟಿಕ್ ಟಿಕ್ ಕೇಳಿಸಿದ ಕೂಡಲೇ ಅವರು ಬೆರಳೆತ್ತಬೇಕು. ಆಗ ನಾನು ಗೇಣಿನಲ್ಲಿ ಅಳೆಯುತ್ತಿದ್ದೆ. ವಾರದ ರಜೆಯ ಸಂಜೆ ಆರು ಗೇಣು. ಒಟ್ಟು ಸರದಿ ಮುಗಿಸಿ ಬಂದಾಗ ಗಡಿಯಾರವನ್ನು ಕಿವಿಗೆ ಒತ್ತಿಟ್ಟರೂ ಬೆರಳು ಏಳುತ್ತಿರಲಿಲ್ಲ. ಸಂಜೆ ಒಂದು ಗೇಣು.

ಅವರ ಜೊತೆಗಾರನನ್ನು ಉದ್ದಣ್ಣ ಎನ್ನುತ್ತಿದ್ದರು. ಬಾಗಿಲಿಗೆ ತಲೆ ತಗಲುವಷ್ಟು ಎತ್ತರದ ಆಸಾಮಿ. ಕಾರ್ಖಾನೆಯ ಎದುರಿನ ಚಹಾದ ಅಂಗಡಿಯಲ್ಲಿ ಅವರಿಬ್ಬರ ಮಾತುಕತೆ ನಡೆಯಿತು. ನಾನೂ ಗಡಿಯಾರದೊಡನೆ ಹೋಗಿದ್ದೆ. ಇಬ್ಬರಿಗೂ ಕಿವಿ ಮಂದವಾದ್ದರಿಂದ ಗುಟ್ಟಿನ ಮಾತನ್ನು ಬೀದಿಗೆಲ್ಲ ಕೇಳುವಂತೆ ಆಡಿದರು.

"ನಾಲ್ಕು ಗಂಟೆ ನಿಲ್ಲೋದು ನಾಲ್ಕು ಗಂಟೆನೇ ಕಣಯ್ಯ. ಒಟ್ಟಿಗೆ ನಿಂತರೇನು, ಬಿಡಿಬಿಡಿಯಾಗಿ ನಿಂತರೇನು?" ಎಂದ ಉದ್ದಣ್ಣ.

"ಇಪ್ಪತ್ತು ವರ್ಷದಿಂದ ನಾವು ತಪ್ಪು ತಿಳಿದುಕೊಂಡಿರೋದೇ ಅದು. ಅರ್ಧ ಗಂಟೆ ನಾನು, ಅರ್ಧ ಗಂಟೆ ನೀನು. ನಡುವೆ ಹೊಟ್ಟಿನ ಕೋಣೆಯಲ್ಲಿ ಬಾಗಿಲು ಹಾಕ್ಕೊಂಡು ಕೂರೋದು. ಒಂದು ವಾರ ನೋಡೋಣ."

"ಹತ್ತು ಗಂಟೆಗೆ ಮನೆ ಸೇರ್ತಿದ್ದೋನು ಎರಡು ಗಂಟೆ ತನಕ ಇರ್ತೀನಿ ಅಂತೀಯ. ಹೆಂಡತಿ ಏನಾದ್ರೂ ಹೊರಗೆ ಹಾಕಿದ್ಲಾ?"

"ಹತ್ತು ಗಂಟೆಗೆ ಹೋದ್ರೆ ನಾನೊಬ್ಬನೇ ಹೋಗ್ತೀನಿ. ಕಿವಿ ಬರೋದು ಸಂಜೆ ಮೇಲೆ."

ಉದ್ದಣ್ಣ ಚಹಾದ ಲೋಟವನ್ನು ತಿರುಗಿಸುತ್ತ ಕುಳಿತ. ಅವನ ಕಷ್ಟ ಬೇರೆ. ಮಗಳು ಬೆಳಗಿನ ಹೊತ್ತು ಕೆಲಸಕ್ಕೆ ಹೋಗುತ್ತಿದ್ದಳು. ಒಂದೂವರೆ ವರ್ಷದ ಮೊಮ್ಮಗಳನ್ನು ಹತ್ತರ ತನಕ ನೋಡಿಕೊಳ್ಳುವವನು ಇವನೇ. "ಆ ರಾಕ್ಷಸಿನ ಎಲ್ಲಿ ಬಿಡಲಿ ಹೇಳು" ಎಂದ.

"ಜಗಲಿ ಮೇಲೆ ಬಿಡು. ನನ್ನವಳೇ ಹೇಳಿ ಕಳಿಸಿದ್ದಾಳೆ."

"ಕೂಗೋದಕ್ಕೂ ಆಗದೋರು ಮಗೂನ ಹೇಗೆ ಹಿಡೀತಾರೆ?"

"ಮೂವತ್ತು ವರ್ಷ ನನ್ನನ್ನ ಹಿಡಿದಿದ್ದಾಳಲ್ಲ" ಎಂದರು ಮಾವ. ಪಕ್ಕದ ಮೇಜಿನಲ್ಲಿದ್ದವನೊಬ್ಬ ನಕ್ಕ. ಉದ್ದಣ್ಣ ನಗಲಿಲ್ಲ. "ಒಂದು ವಾರ. ಆಮೇಲೆ ಮೇಷ್ಟ್ರ ಗಡಿಯಾರ ಏನು ಹೇಳುತ್ತೋ ನೋಡೋಣ" ಎಂದ.

ಗಡಿಯಾರ ಮೊದಲ ದಿನವೇ ಎರಡು ಗೇಣು ಹೇಳಿತು; ವಾರದ ಕೊನೆಗೆ ಮೂರೂವರೆ. ಉದ್ದಣ್ಣನನ್ನು ಕೂರಿಸಿ ಅಳೆದಾಗ ಅವನಿಗೂ ಎರಡು ಗೇಣು ಕೇಳಿಸಿತು. ಅವನು ಗಡಿಯಾರವನ್ನು ನನ್ನ ಕೈಯಿಂದ ಕಿತ್ತುಕೊಂಡು ತಾನೇ ದೂರ ಹಿಡಿದು, ಹತ್ತಿರ ಹಿಡಿದು, "ಇದು ಹೀಗೆ ಸದ್ದು ಮಾಡುತ್ತೆ ಅನ್ನೋದೇ ಮರೆತಿದ್ದೆ" ಎಂದ. ಆಮೇಲೆ ಒಂದು ವಾರ ಎಂಬ ಮಾತನ್ನು ಅವನು ಎತ್ತಲಿಲ್ಲ. ಕಾರ್ಖಾನೆಯಲ್ಲಿ ಉಳಿದ ಜೋಡಿಗಳು ಇವರನ್ನು ನೋಡಿ ನಗುತ್ತಿದ್ದರು, "ಹೊಟ್ಟಿನ ಕೋಣೆಯ ಗಂಡಹೆಂಡತಿ" ಎಂದು ತುಟಿ ಆಡಿಸುತ್ತಿದ್ದರು. ಇವರಿಗೂ ಅದು ತಿಳಿಯುತ್ತಿತ್ತು.

ಎರಡನೆಯ ಚಿಕಿತ್ಸೆಗೆ ಆಗ ಅರವತ್ತು ದಿನ ಉಳಿದಿತ್ತು.

ಆ ಅರವತ್ತು ದಿನ ನಾನು ಶಾಲೆಯಿಂದ ಬರುವಾಗ ಇಬ್ಬರೂ ಜಗಲಿಯ ಮೇಲಿರುತ್ತಿದ್ದರು. ಗಂಟೆಗೆ ಐದು ನಿಮಿಷ. ಮೂರು ಗಂಟೆಗೆ, ನಾಲ್ಕಕ್ಕೆ, ಐದಕ್ಕೆ, ದೀಪ ಹಚ್ಚುವ ಮೊದಲು ಕೊನೆಯದೊಂದು. ನಡುವೆ ಅತ್ತೆ ಸೊಪ್ಪು ಬಿಡಿಸುತ್ತಿದ್ದರು. ಮಾವ ಈರುಳ್ಳಿಯ ಸಿಪ್ಪೆ ತೆಗೆದು ರಾಶಿ ಹಾಕುತ್ತಿದ್ದರು. ಗಂಟೆಯಾಗುತ್ತಲೂ ಮಾವ ಹತ್ತಿರ ಸರಿದು ಕುಳಿತು ಬೀದಿಯ ಕಡೆ ನೋಡುತ್ತ ಕೇಳುತ್ತಿದ್ದರು. ತುಟಿಯ ಕಡೆ ನೋಡುತ್ತಿರಲಿಲ್ಲ. ಆ ಹೊತ್ತಿನಲ್ಲಿ ಗಿರಾಕಿ ಬಂದರೆ ಮಾವ ಕೈಯೆತ್ತಿ ನಿಲ್ಲಿಸುತ್ತಿದ್ದರು, ಗಿರಾಕಿಯೂ ನಿಲ್ಲುತ್ತಿದ್ದ. ಮೂಲೆಮನೆಯ ಮುಂಗೋಪಿ ಹೆಂಗಸು ಕೂಡ ಎರಡು ಸೌತೆಕಾಯಿ ಹಿಡಿದುಕೊಂಡು ಐದು ನಿಮಿಷ ಸುಮ್ಮನೆ ನಿಂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

"ಏನು ಹೇಳ್ತಾರೆ?" ಎಂದು ನಾನು ಒಮ್ಮೆ ಕೇಳಿದೆ. ಕೇಳಬಾರದಿತ್ತು, ಆದರೂ ಕೇಳಿದೆ.

"ಏನಿಲ್ಲ ಮೇಷ್ಟ್ರೇ. ಹುರುಳಿಕಾಯಿ ತಂದುಕೊಡೋನು ತೂಕದಲ್ಲಿ ಮೋಸ ಮಾಡ್ತಾನಂತೆ. ನನ್ನ ನೀಲಿ ಅಂಗಿಯ ಕಾಲರು ತಿರುಗಿಸಿ ಹೊಲಿಬೇಕಂತೆ. ನಿನ್ನೆ ನಿಮ್ಮ ಬಗ್ಗೆನೂ ಹೇಳಿದಳು."

"ನನ್ನ ಬಗ್ಗೆ ಏನು?"

"ಮೇಷ್ಟ್ರು ಮಗ್ಗಿ ತಪ್ಪು ಹೇಳಿಕೊಡ್ತಾರೆ, ಏಳು ಎಂಟಲ ಐವತ್ತನಾಲ್ಕು ಅಂದಿದ್ದು ಕೇಳಿಸಿತು ಅಂದಳು."

ಅಂಥ ತಪ್ಪು ನನ್ನಿಂದ ಆಗಿರಲಾರದು. ಆದರೂ ಮರುದಿನ ಮಕ್ಕಳಿಂದ ಏಳರ ಮಗ್ಗಿಯನ್ನು ಎರಡು ಸಲ ಹೇಳಿಸಿದೆ.

ಉದ್ದಣ್ಣನ ಮೊಮ್ಮಗಳು ಆ ಜಗಲಿಯ ಮೇಲೆಯೇ ಮಾತು ಕಲಿತಳು. ಬೆಳಗಿನ ಹೊತ್ತು ಅತ್ತೆ ಗಂಟೆಗೆ ಐದು ನಿಮಿಷ ಅವಳೊಡನೆ ಪಿಸುಮಾತಾಡುತ್ತಿದ್ದರು; ಅವಳ ಕಿವಿಗೆ ಬೀಳುತ್ತಿದ್ದುದು ಅಷ್ಟೇ. ಹಾಗಾಗಿ ಆ ಮಗು ಬೇಕಾದ್ದನ್ನೆಲ್ಲ ಪಿಸುಗುಟ್ಟಿಯೇ ಕೇಳುತ್ತಿತ್ತು. "ನೀರು" ಎಂದು ತಾತನ ಮಂಡಿ ಹಿಡಿದು ಗಾಳಿಯಂತೆ ಉಸುರುತ್ತಿತ್ತು. ಅಷ್ಟೆತ್ತರದ ಉದ್ದಣ್ಣ ಅದಕ್ಕಾಗಿ ನೆಲಕ್ಕೆ ಬಗ್ಗಬೇಕಾಗುತ್ತಿತ್ತು.

ನಡುವೆ ಒಮ್ಮೆ ಉದ್ದಣ್ಣನಿಗೆ ಜ್ವರ ಬಂದು ಎರಡು ದಿನ ಮಲಗಿದ. ಬದಲಿಯವರು ಸಿಗಲಿಲ್ಲ. ಎರಡು ದಿನವೂ ಮಾವ ಎಂಟೆಂಟು ಗಂಟೆ ಒಬ್ಬರೇ ನಿಂತರು. ಆ ಸಂಜೆಗಳಲ್ಲಿ ಐದು ಗಂಟೆಗೆ ಅತ್ತೆ ಬಾಯಿ ತೆರೆದು, ಮಾವನ ಮುಖ ನೋಡಿ, ಮತ್ತೆ ಮುಚ್ಚಿಕೊಂಡದ್ದನ್ನು ಕಂಡೆ. ಅವರು ಮಾವನ ಕೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡು ಕುಳಿತರು. ಗಡಿಯಾರ ಮತ್ತೆ ಮೂರು ಗೇಣಿಗೆ ಬರಲು ಇನ್ನೂ ಮೂರು ದಿನ ಹಿಡಿಯಿತು. ಅರವತ್ತರಲ್ಲಿ ಐದು ದಿನ ಹೋಯಿತು ಎಂದು ಮಾವ ನನ್ನೆದುರು ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ.

ಉಳಿದಿದ್ದ ಎರಡು ದಿನದ ರಜೆಯನ್ನು ಅವರು ಚಿಕಿತ್ಸೆಯ ಹಿಂದಿನ ಎರಡು ದಿನಕ್ಕೆಂದು ಮುಟ್ಟದೆ ಇಟ್ಟಿದ್ದರು. ಎರಡು ದಿನ ಯಂತ್ರದ ಸದ್ದೇ ಇಲ್ಲದಿದ್ದರೆ ಕಿವಿ ಎಷ್ಟು ತೆರೆದುಕೊಂಡೀತು, ಆಗ ಎಷ್ಟು ಚೆನ್ನಾಗಿ ಕೇಳೀತು ಎಂದು ಅವರ ಲೆಕ್ಕಾಚಾರ. ರಜೆಯ ಮೊದಲ ಸಂಜೆ ಗಡಿಯಾರ ಏಳು ಗೇಣು ಹೇಳಿತು. ಅಷ್ಟು ದೂರವನ್ನು ನಾವು ಅದುವರೆಗೆ ಅಳೆದಿರಲಿಲ್ಲ. ಆದರೆ ಅದೇ ದಿನ ಬೆಳಿಗ್ಗೆ ಆಸ್ಪತ್ರೆಯಿಂದ ಹೇಳಿ ಕಳುಹಿಸಿದ್ದರು: ಇನ್ನು ಎರಡು ದಿನ ಗಂಟಲಿಗೆ ಪೂರ್ತಿ ವಿಶ್ರಾಂತಿ, ಒಂದು ಮಾತೂ ಆಡಕೂಡದು.

ಆ ಎರಡು ದಿನ ಮಾವನಿಗೆ ಎಲ್ಲವೂ ಕೇಳಿಸಿತು. ಸೊಪ್ಪಿನ ದಂಟು ಮುರಿಯುವ ಸದ್ದು, ತಕ್ಕಡಿಯ ಸರಪಳಿ, ಅತ್ತೆ ತಲೆ ಬಾಚುವಾಗ ಬಾಚಣಿಗೆ ಕೂದಲಲ್ಲಿ ಇಳಿಯುವುದು. ಇಷ್ಟು ವರ್ಷ ಆ ಮನೆಯಲ್ಲಿ ಇಷ್ಟೆಲ್ಲ ಸದ್ದು ಇತ್ತೆಂಬುದೇ ತನಗೆ ತಿಳಿದಿರಲಿಲ್ಲವೆಂದು ಅವರು ನನಗೆ ಹೇಳಿದರು. ಅತ್ತೆ ಮಾತ್ರ ಮಾತನಾಡಲಿಲ್ಲ. ಮೂರು ಗಂಟೆಗೆ, ನಾಲ್ಕು ಗಂಟೆಗೆ ಇಬ್ಬರೂ ಅಭ್ಯಾಸಬಲದಿಂದ ಹತ್ತಿರ ಸರಿದು ಕುಳಿತು ಬೀದಿಯನ್ನು ನೋಡುತ್ತಿದ್ದರು.

ಚಿಕಿತ್ಸೆ ಚೆನ್ನಾಗಿಯೇ ಆಯಿತು. ಅತ್ತೆ ಮನೆಗೆ ಬಂದರು, ಕೊರಳಿಗೆ ತೆಳ್ಳಗಿನ ಬಟ್ಟೆ ಕಟ್ಟಿಕೊಂಡು ಮತ್ತೆ ಜಗಲಿಯ ಮೇಲೆ ಕುಳಿತರು. ಅದಾದ ಎರಡನೆಯ ವರ್ಷ ನನಗೆ ವರ್ಗವಾಗಿ ನಾನು ಆ ಓಣಿ ಬಿಟ್ಟೆ. ನಿವೃತ್ತನಾದ ಮೇಲೆ ಒಮ್ಮೆ ಅವರನ್ನು ನೋಡಲು ಹೋಗಿದ್ದೆ. ಅತ್ತೆ ನನ್ನನ್ನು ಕಂಡು ಎರಡು ಕೈ ತಟ್ಟಿ, ಕೂರಲು ಜಾಗ ತೋರಿಸಿ, ಒಳಗೆ ಚಹಾ ಮಾಡಲು ಹೋದರು. ಮಾವನ ಕೂದಲು ಪೂರ್ತಿ ನೆರೆತಿತ್ತು. ಅವರೂ ಕೆಲಸದಿಂದ ಬಿಡುಗಡೆಯಾಗಿದ್ದರು. ಕೊನೆಯ ದಿನದ ತನಕವೂ ಅರ್ಧರ್ಧ ಗಂಟೆಯ ಸರದಿಯನ್ನೇ ಇಟ್ಟುಕೊಂಡಿದ್ದರಂತೆ, ಆದ್ದರಿಂದ ಕಿವಿ ಆ ವಯಸ್ಸಿಗೆ ಪರವಾಗಿಲ್ಲ ಎನ್ನುವಂತಿತ್ತು. ನಾನು ದನಿಯೆತ್ತದೆ ಮಾತನಾಡಿದರೂ ಉತ್ತರ ಕೊಡುತ್ತಿದ್ದರು.

ಆ ದಿನ ಅವರು, ನಾನು ಕೇಳದೆಯೇ, ಆಸ್ಪತ್ರೆಯ ಬೆಳಿಗ್ಗೆಯ ಮಾತು ತೆಗೆದರು.

"ಒಳಗೆ ಕರೆದುಕೊಂಡು ಹೋಗುವಾಗ ಅವಳು ಒಂದು ಮಾತು ಆಡಿದಳು ಮೇಷ್ಟ್ರೇ. ಆಡಬಾರದು ಅಂದಿದ್ದರು, ಆದರೂ ಆಡಿದಳು. ಚಕ್ರದ ಕುರ್ಚಿ ಬಾಗಿಲ ಹತ್ತಿರ ನಿಂತಿತ್ತು. ನನ್ನ ತೋಳು ಹಿಡಿದು ಬಗ್ಗಿಸಿಕೊಂಡು, 'ಹಿಂದಿನ ಕೋಣೆ ಕಿಟಕಿ ಹಾಕಿ ಬಂದ್ರಾ?' ಅಂದಳು. ಒಂದೊಂದು ಅಕ್ಷರವೂ ಕೇಳಿಸಿತು. 'ಹಾಕಿದ್ದೀನಿ' ಅಂದೆ. ತಲೆಯಾಡಿಸಿದಳು, ಒಳಗೆ ಕರೆದುಕೊಂಡು ಹೋದರು."

ಒಳಗೆ ಚಹಾ ಕುದಿಯುವ ಸದ್ದು ಕೇಳುತ್ತಿತ್ತು.

"ಹಾಕಿರಲಿಲ್ಲ. ಆ ಹೊತ್ತಲ್ಲಿ ಅವಳ ಮನಸ್ಸಿಗೆ ಯಾಕೆ ಕಷ್ಟ ಅಂತ ಸುಳ್ಳು ಹೇಳಿಬಿಟ್ಟೆ. ನಿಜ ಹೇಳಿದ್ದರೆ ಬೈತಿದ್ದಳು. ಬಾಗಿಲ ಹತ್ತಿರ ಇನ್ನೊಂದು ಅರ್ಧ ನಿಮಿಷವಾದರೂ ಬೈತಿದ್ದಳು. ಅಷ್ಟು ಚೆನ್ನಾಗಿ ಕೇಳಿಸ್ತಿತ್ತು ಆವತ್ತು."